‘ಗಾಡಿ ಲಾಗತೇ ಕಾ?’ – ಶಸ್ತ್ರಕ್ರಿಯೆಗೆ ಮುನ್ನ ಹೇಳಲೇಬೇಕಾದ ಮಾತು

ಖಡಕಿಯಲ್ಲಿರುವ ಮಗನ ಮನೆಗೆ ನಮ್ಮ ದೊಡ್ಡವ್ವ ಸಿಂದಗಿ ಕಡೆಯ ಹಳ್ಳಿಯಿಂದ ಬಂದದ್ದು ಮೊಮ್ಮಕ್ಕಳನ್ನು ನೋಡಲೆಂದು. ಬಂದ ವಾರದಲ್ಲೇ ಹೊಟ್ಟೆನೋವು ಕಾಣಿಸಿಕೊಂಡು, ತಪಾಸಣೆಯಲ್ಲಿ ಪಿತ್ತಕೋಶದ ಹರಳು ಪತ್ತೆಯಾಯಿತು. ಆಪರೇಷನ್ ಎಂದೊಡನೆ ಅವರು ಕೈಮುಗಿದುಬಿಟ್ಟರು. “ಬ್ಯಾಡ ತಮ್ಮಾ. ಹಿಂದ ಗರ್ಭಚೀಲ ತೆಗದಾಗ ಗ್ಯಾಸ್ ಕೊಟ್ಟು ಮಲಗಿಸಿದ್ರು. ಎರಡು ದಿನಾ ಕಾರಿ ಕಾರಿ ಹೊಲಿಗಿ ಹರದಂಗಾತು. ಸತ್ತರೂ ಚಿಂತಿಲ್ಲ, ಅದೊಂದು ಬ್ಯಾಡ.”

ಹೇಗೋ ಒಪ್ಪಿಸಿ ಆಸ್ಪತ್ರೆಗೆ ಕರೆದೊಯ್ದೆವು. ಅರಿವಳಿಕೆ ತಜ್ಞೆ ಮರಾಠಿಯಲ್ಲಿ, “ಆಜಿ, ಗಾಡಿ ಲಾಗತೇ ಕಾ?” ಎಂದು ಕೇಳಿದರು. ದೊಡ್ಡವ್ವ, “ನಾಹಿ, ಮಗನ ಗಾಡಿ ಐತಿ” ಎಂದರು! ವೈದ್ಯೆ ಕೇಳಿದ್ದು ವಾಹನ ಬೇಕೇ ಎಂದಲ್ಲ, ಬಸ್ಸಿನಲ್ಲಿ ಕೂತರೆ ವಾಂತಿ ಬರುತ್ತದೆಯೇ ಎಂದು. ವಿಜಯಪುರದಿಂದ ಪುಣೆಯವರೆಗೂ ನಿಂಬೆಹಣ್ಣು ಮೂಸುತ್ತಲೇ ಬಂದ ಜೀವ ಅದು. ಪಕ್ಕದಲ್ಲಿದ್ದ ನಾನು ಅರ್ಥ ಬಿಡಿಸಿ ಹೇಳದಿದ್ದರೆ ಬಹುಮುಖ್ಯ ಮಾಹಿತಿಯೊಂದು ವೈದ್ಯರನ್ನು ತಲುಪುತ್ತಲೇ ಇರಲಿಲ್ಲ.

ಈ ವಾಂತಿಗೂ ಹೊಟ್ಟೆಯಲ್ಲಿ ಆಗುವ ‘ಗ್ಯಾಸ್’ಗೂ ಸಂಬಂಧವಿಲ್ಲ. ಸೆವೊಫ್ಲುರೇನ್, ಐಸೊಫ್ಲುರೇನ್ ಮುಂತಾದ ಅರಿವಳಿಕೆಗಳು ಉಸಿರಿನ ಮೂಲಕ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಸಾಗುತ್ತವೆ. ನಿದ್ದೆ ತರಿಸುವ ಇವೇ, ಮಿದುಳಿನಲ್ಲಿ ವಾಂತಿಯನ್ನು ನಿಯಂತ್ರಿಸುವ ಭಾಗವನ್ನೂ ಕೆಣಕುತ್ತವೆ. ಶಸ್ತ್ರಕ್ರಿಯೆ ಮುಗಿದ ಮೊದಲ ಒಂದೆರಡು ಗಂಟೆಗಳ ವಾಂತಿಗೆ ಇವೇ ಮುಖ್ಯ ಕಾರಣ. ನಗೆ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡ್ ಮತ್ತು ನೋವು ತಗ್ಗಿಸಲು ಕೊಡುವ ಮಾರ್ಫಿನ್ ಜಾತಿಯ ಔಷಧಗಳೂ ಅದಕ್ಕೆ ಕೈಜೋಡಿಸುತ್ತವೆ.

ಹಿಂದಿನವರ ಭಯ ಸುಳ್ಳೇನಲ್ಲ. ಖಡಕಿಯಿಂದ ಹೊಳೆ ದಾಟಿದರೆ ಯರವಡಾ. ಅಲ್ಲಿನ ಜೈಲಿನಲ್ಲಿದ್ದ ಗಾಂಧೀಜಿಯವರನ್ನು ಸಸೂನ್ ಆಸ್ಪತ್ರೆಗೆ ತಂದು, 1924ರ ಜನವರಿ 12ರ ರಾತ್ರಿ ಕರ್ನಲ್ ಮ್ಯಾಡಕ್ ಅಪೆಂಡಿಕ್ಸ್ ಶಸ್ತ್ರಕ್ರಿಯೆ ನಡೆಸಿದರು. ನಡುವೆ ವಿದ್ಯುತ್ ಹೋಗಿ, ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗಾಂಧೀಜಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದನ್ನು ಕನ್ನಡಿಗರು ಬಲ್ಲರು. ಅದು ಈಥರ್, ಕ್ಲೋರೋಫಾರ್ಮ್‌ಗಳ ಕಾಲ. ಎಚ್ಚರವಾದ ಮೇಲೆ ವಾಂತಿ ಆಗಿಯೇ ಆಗುತ್ತದೆಂದು ರೋಗಿಯೂ ವೈದ್ಯರೂ ಒಪ್ಪಿಕೊಂಡಿದ್ದರು.

ಇಂದು ಹಾಗಿಲ್ಲ. ವಾಂತಿ ಯಾರಿಗೆ ಆಗಬಹುದೆಂದು ಮೊದಲೇ ಅಂದಾಜಿಸಲು ಸಾಧ್ಯವಿದೆ. ಕ್ರಿಸ್ಟಿಯನ್ ಆಪ್ಫೆಲ್ ಮತ್ತು ಸಂಗಡಿಗರು 1999ರಲ್ಲಿ ನಾಲ್ಕು ಅಂಶಗಳ ಸರಳ ಲೆಕ್ಕವೊಂದನ್ನು ಪ್ರಕಟಿಸಿದರು: ರೋಗಿ ಮಹಿಳೆಯಾಗಿರುವುದು, ಧೂಮಪಾನದ ಅಭ್ಯಾಸ ಇಲ್ಲದಿರುವುದು, ಹಿಂದೆ ಶಸ್ತ್ರಕ್ರಿಯೆಯ ನಂತರ ಇಲ್ಲವೆ ಪ್ರಯಾಣದಲ್ಲಿ ವಾಂತಿಯಾಗಿರುವುದು, ಶಸ್ತ್ರಕ್ರಿಯೆಯ ನಂತರ ಮಾರ್ಫಿನ್ ಜಾತಿಯ ಔಷಧ ಬೇಕಾಗುವುದು. ಒಂದೂ ಇಲ್ಲದವರಲ್ಲಿ 100ಕ್ಕೆ ಸುಮಾರು 10 ಮಂದಿಗೆ ವಾಕರಿಕೆ ಅಥವಾ ವಾಂತಿಯಾದರೆ, ನಾಲ್ಕೂ ಇದ್ದವರಲ್ಲಿ ಸುಮಾರು 80 ಮಂದಿಗೆ. ಬೀಡಿ ಸೇದುವವರಿಗೆ ವಾಂತಿ ಕಡಿಮೆಯೆಂದು ಯಾರೂ ಹಿಗ್ಗಬೇಕಿಲ್ಲ, ಅವರ ಶ್ವಾಸಕೋಶಕ್ಕೆ ಬೇರೆಯೇ ಅಪಾಯ ಕಾದಿರುತ್ತದೆ!

ಅಪಾಯ ಹೆಚ್ಚೆಂದು ತಿಳಿದರೆ ದಾರಿಗಳೂ ಇವೆ. ಅನಿಲದ ಬದಲು ಪ್ರೊಪೊಫಾಲ್ ಎಂಬ ಹಾಲುಬಣ್ಣದ ಮದ್ದನ್ನು ರಕ್ತನಾಳದ ಮೂಲಕ ಕೊಟ್ಟು ಮಲಗಿಸಬಹುದು. ಕೆಲವು ಶಸ್ತ್ರಕ್ರಿಯೆಗಳಿಗೆ ಬೆನ್ನಿನ ಇಂಜೆಕ್ಷನ್ ಸಾಕು. ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್‌ನಂಥ ವಾಂತಿ ತಡೆಯುವ ಮದ್ದುಗಳನ್ನು ಮುಂಚಿತವಾಗಿಯೇ ಕೊಡಬಹುದು. ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ತಜ್ಞರೇ ನಿರ್ಧರಿಸಬೇಕು. ಆದರೆ ಹಿಂದಿನ ಅನುಭವ ಹೇಳಬೇಕಾದವರು ನಾವು.

ದೊಡ್ಡವ್ವನ ವಿಷಯದಲ್ಲಿ ವೈದ್ಯೆ ಅನಿಲವನ್ನು ಕೈಬಿಟ್ಟು ರಕ್ತನಾಳದ ಮದ್ದನ್ನೇ ಆರಿಸಿಕೊಂಡರು. ಸಂಜೆ ತುಸು ವಾಕರಿಕೆ ಬಂತು, ವಾಂತಿ ಆಗಲಿಲ್ಲ. ಮರುದಿನ ಬೆಳಿಗ್ಗೆ, “ಚಾ ತರಿಸು ತಮ್ಮಾ” ಎಂದರು.

ಅರಿವಳಿಕೆಯ ಭಯದಿಂದ ಆಪರೇಷನ್ ಮುಂದೂಡಿ ನೋವು ನುಂಗಿಕೊಂಡಿರುವ ತಾಯಂದಿರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಊರಿನಿಂದ ಬಂದ ಹಿರಿಯರು ಆಸ್ಪತ್ರೆ ಸೇರಿದಾಗ ಹಣ್ಣುಹಂಪಲು ಹಿಡಿದು ನೋಡಲು ಹೋಗುವುದು ನಮ್ಮ ಸಂಪ್ರದಾಯ. ಅದಕ್ಕೂ ಮುನ್ನ, ಅರಿವಳಿಕೆ ತಜ್ಞರು ಪ್ರಶ್ನೆ ಕೇಳುವ ಹೊತ್ತಿನಲ್ಲಿ ಎರಡೂ ಭಾಷೆ ಬಲ್ಲ ಒಬ್ಬರು ಪಕ್ಕದಲ್ಲಿ ನಿಂತರೆ ಅದಕ್ಕಿಂತ ದೊಡ್ಡ ಸೇವೆ ಇನ್ನೊಂದಿಲ್ಲ. ಕನ್ನಡ ಸಂಘದ ಬಂಧುಗಳು ಇದನ್ನು ತಮ್ಮ ಕೆಲಸವೆಂದೇ ತಿಳಿಯಲಿ.