ದೇವರ ಮುದ್ರೆಯ ಬ್ರಿಟಿಷ್ ವರಹ

ಬ್ರಿಟಿಷರ ಚಿನ್ನದ ನಾಣ್ಯವೆಂದೊಡನೆ ರಾಜನ ತಲೆಯುಳ್ಳ ಪವನೇ ನಮ್ಮ ಕಣ್ಣಮುಂದೆ ಬರುತ್ತದೆ. ಇಂದಿಗೂ ಚಿನ್ನವನ್ನು ಎಂಟು ಗ್ರಾಮಿನ ಪವನಿನಲ್ಲಿ ಎಣಿಸುವ ಕಾಸರಗೋಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕಡೆ, ನಮ್ಮಂತೆಯೇ ಅನ್ಯಭಾಷೆಯ ನಡುವೆ ಕನ್ನಡವನ್ನು ಉಳಿಸಿಕೊಂಡವರ ಸೀಮೆಯಲ್ಲಿ, ಪವನಿಗಿಂತ ಹಳೆಯ ಬ್ರಿಟಿಷ್ ಚಿನ್ನವೊಂದು ಚಲಾವಣೆಯಲ್ಲಿತ್ತು. ಅದರ ಮೇಲಿದ್ದವನು ರಾಜನಲ್ಲ, ಸಾಕ್ಷಾತ್ ವಿಷ್ಣು.

ನಿಜಾಮನು ಆ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಕಂದಾಯ ಗೊತ್ತುಪಡಿಸಲು ಅಲ್ಲಿಗೆ ಹೋದವರು ಥಾಮಸ್ ಮನ್ರೋ. ಅದಕ್ಕೆ ಮುಂಚೆ ನಮ್ಮ ಕೆನರಾದ ಕಲೆಕ್ಟರರಾಗಿದ್ದವರೇ. ಆಗ ಮದರಾಸಿನ ಸರಕಾರಿ ಲೆಕ್ಕ ವರಹದಲ್ಲಿ. ಕಂಪೆನಿಯ 'ನಕ್ಷತ್ರ ವರಹ'ದ ಒಂದು ಬದಿ ವಿಷ್ಣು, ಮತ್ತೊಂದು ಬದಿ ಸಣ್ಣ ಚುಕ್ಕಿಗಳ ನಡುವೆ ನಕ್ಷತ್ರ. ತೂಕ ಸುಮಾರು 3.4 ಗ್ರಾಂ. ಪರದೇಶದ ವರ್ತಕರು ದೇವರನ್ನು ಅಚ್ಚೊತ್ತಿದ್ದು ಭಕ್ತಿಯಿಂದಲ್ಲವೆಂದು ಬೇರೆ ಹೇಳಬೇಕೆ! ವಿಜಯನಗರದ ಕಾಲದಿಂದ ಜನರ ಕೈಗೆ ರೂಢಿಯಾದ ಮುದ್ರೆ ಬಿಟ್ಟರೆ ಪೇಟೆಯಲ್ಲಿ ನಾಣ್ಯ ಓಡುವುದು ಕಷ್ಟವಿತ್ತು. 1808ರ ಸುಮಾರಿಗೆ ಯಂತ್ರದಲ್ಲಿ ಅಚ್ಚಾದ ಎರಡು ವರಹದ ನಾಣ್ಯ ಬಂತು. ಅದರಲ್ಲಿ ದೇವಾಲಯದ ಗೋಪುರವಿದೆ. ಇಂಗ್ಲಿಷ್, ಪಾರ್ಸಿ, ತಮಿಳು, ತೆಲುಗು ಅಕ್ಷರಗಳಿವೆ. ಕನ್ನಡವಿಲ್ಲ. ಈ ರೂಢಿ ಅಂದಿನಿಂದಲೇ ಬಂದದ್ದಿರಬೇಕು!

1818ರಲ್ಲಿ 100 ವರಹಕ್ಕೆ 350 ರೂಪಾಯಿಯಂತೆ ಲೆಕ್ಕ ಬದಲಾಯಿತು. ಬೆಳ್ಳಿ ರೂಪಾಯಿ ಪೇಟೆಗೆ ಬಂತು, ವರಹ ಪೆಟ್ಟಿಗೆ ಸೇರಿತು. ಕೆಲವು ಕಾಸಿನ ಸರವಾದುವು, ಕೆಲವು ಪೂಜೆಯ ಕೋಣೆಗೆ ಹೋದುವು, ಎಷ್ಟೋ ಕರಗಿ ಬಳೆಯಾದುವು. ಸಂಗ್ರಾಹಕರ ಸಂಕಟವೆಲ್ಲ ಇಲ್ಲಿದೆ. ದೇವರ ಮುದ್ರೆ ಕಂಡವರು ಇದು ರಾಯರ ಕಾಲದ್ದೆನ್ನುತ್ತಾರೆ, ಕಂಪೆನಿಯ ನಾಣ್ಯವೆಂದು ಗುರುತಿಸುವುದಿಲ್ಲ. ಇದರ ಚಿನ್ನ ಪವನಿನಷ್ಟು ಅಪ್ಪಟವೂ ಅಲ್ಲವಾದ್ದರಿಂದ ಅಕ್ಕಸಾಲಿಗನು ಬೆಲೆ ಇಳಿಸಿಯೇ ಕೊಳ್ಳುತ್ತಾನೆ. ಕರಗಿಸಿದರೆ ಮನೆಯವರಿಗೂ ನಷ್ಟ, ಚರಿತ್ರೆಗೂ ನಷ್ಟ. ಕೊಂಡಿ ಬೆಸೆದರೂ, ಹೊಳಪಿಗಾಗಿ ತಿಕ್ಕಿದರೂ ಸಂಗ್ರಾಹಕರ ಬೆಲೆ ಬಿದ್ದುಹೋಗುತ್ತದೆ. ಪೇಟೆಯಲ್ಲಿ ನಕಲಿಯೂ ಉಂಟು, ತಿಳಿದವರಿಗೆ ತೋರಿಸದೆ ಕೊಳ್ಳಬಾರದು.

ಹೊಲ ಉಳುವಾಗ ಸಿಕ್ಕಿದ್ದಾದರೆ ಸಂಗತಿ ಬೇರೆ. ನೆಲದಲ್ಲಿ ದೊರೆತ, ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯದೆ ಹೇಳುತ್ತದೆ. ನೂರು ವರ್ಷ ಮೀರಿದ ನಾಣ್ಯವನ್ನು ಖಾಸಗಿಯವರು ಪರದೇಶಕ್ಕೆ ಒಯ್ಯುವುದು 1972ರ ಕಾಯದೆಯಂತೆ ನಿಷಿದ್ಧ. ಕೊಲ್ಲಿನಾಡಿಗೆ ಹೋಗಿಬರುವ ನಮ್ಮವರು ಇದನ್ನು ಗಮನಿಸಬೇಕು.

ಅಂದಹಾಗೆ, ಮನೆಯಲ್ಲಿ ಹಳೆಯ ಪವನಿದ್ದರೆ ಅದನ್ನೂ ಒಮ್ಮೆ ತಿರುವಿ ನೋಡಿ. ಕುದುರೆಯ ಕಾಲಡಿಯಲ್ಲಿ 1918 ಎಂಬ ಇಸವಿ, ಅದರ ಮೇಲಿನ ನೆಲದ ಗೆರೆಯಲ್ಲಿ ಸಣ್ಣ 'ಐ' ಅಕ್ಷರ ಕಂಡರೆ ಅದು ಲಂಡನ್ನಿನದಲ್ಲ. ಮುಂಬಯಿಯ ಟಂಕಸಾಲೆಯಲ್ಲಿ ಪವನು ಅಚ್ಚಾದದ್ದು ಆ ಒಂದೇ ವರ್ಷ.