ಟೊಂಗೆ ತಿನ್ನುವ ಚಕ್ರ

ಮನೆಬಳಕೆಯ ವುಡ್ ಚಿಪ್ಪರ್ ಎಂದರೆ ಟೊಂಗೆಗಳನ್ನು ಚಕ್ಕೆಗಳಾಗಿ ಕೊಚ್ಚಿ ಹೊರಕ್ಕೆ ಎಸೆಯುವ ಸಣ್ಣ ಯಂತ್ರ. ಹಿತ್ತಲಿಗೆ ಕೊಳ್ಳುವವು ಹೆಚ್ಚಾಗಿ ಎರಡು, ಎರಡೂವರೆ ಕಿಲೋವಾಟ್‌ನ ಸಿಂಗಲ್ ಫೇಸ್ ಮೋಟಾರಿನವು. ತೋಟಕ್ಕೆ ಬರುವವು ಪೆಟ್ರೋಲ್ ಎಂಜಿನ್ನಿನವು, ಸಾಮಾನ್ಯವಾಗಿ 6ರಿಂದ 15 ಅಶ್ವಶಕ್ತಿ.

ಕೊಳ್ಳುವವರು ಮೊದಲು ಕೇಳುವುದು ಅಶ್ವಶಕ್ತಿಯ ಲೆಕ್ಕ. ಆದರೆ ನಿಜವಾಗಿ ಕೊಚ್ಚುವುದು ಒಳಗಿರುವ ಭಾರದ ಉಕ್ಕಿನ ಚಕ್ರ. ಅದರ ಮುಖಕ್ಕೆ ಎರಡೋ ನಾಲ್ಕೋ ಬ್ಲೇಡುಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಎದುರಿಗೆ, ಒಂದೆರಡು ಮಿಲಿಮೀಟರ್ ಅಂತರದಲ್ಲಿ, ಅಲುಗಾಡದ ಇನ್ನೊಂದು ಉಕ್ಕಿನ ಪಟ್ಟಿ. ಟೊಂಗೆ ಈ ಎರಡರ ನಡುವೆ ಸಿಕ್ಕಿ ತುಂಡಾಗುತ್ತದೆ. ಯಂತ್ರದ ಬಾಯಿಯನ್ನು ಚಕ್ರಕ್ಕೆ ಓರೆಯಾಗಿ ಕೂರಿಸಿರುವುದರಿಂದ ಪ್ರತಿ ಏಟೂ ಟೊಂಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಲಗು ಹರಿತವಿದ್ದರೆ ನೂಕುವ ಕೆಲಸವೇ ಇಲ್ಲ.

ಎಂಜಿನ್ ಮಾಡುವುದು ಚಕ್ರವನ್ನು ವೇಗಕ್ಕೆ ತಂದು ಅಲ್ಲೇ ಉಳಿಸಿಕೊಳ್ಳುವ ಕೆಲಸ. ಚಕ್ರದಲ್ಲಿ ಕೂಡಿಟ್ಟ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಕಾಲು ಭಾಗವಷ್ಟೇ ಉಳಿಯುತ್ತದೆ. ಹೊಸ ಎಂಜಿನ್, ಮೆಲ್ಲಗೆ ಓಡಲಿ ಎಂದು ಥ್ರಾಟಲ್ ಅರ್ಧಕ್ಕಿಟ್ಟು ಟೊಂಗೆ ಕೊಟ್ಟರೆ ಆಗುವುದು ಇದೇ: ಚಕ್ರ ನಿಲ್ಲುತ್ತದೆ, ಅದನ್ನು ತಿರುಗಿಸುವ ಬೆಲ್ಟ್ ಜಾರಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಪೂರ್ತಿ ವೇಗ ಬಂದ ಮೇಲೆಯೇ ಟೊಂಗೆ ಕೊಡಬೇಕು. ಸದ್ದು ಕುಗ್ಗಿದರೆ ಕೈ ತಡೆದು, ಮತ್ತೆ ಏರಿದ ಮೇಲೆ ಮುಂದಿನದು. ಪೆಟ್ಟಿಗೆಯ ಮೇಲೆ ಟೊಂಗೆಯ ದಪ್ಪ ಮೂರು ಇಂಚು ಎಂದು ಬರೆದಿದ್ದರೆ ಅದು ಗಂಟಿಲ್ಲದ, ನೆಟ್ಟಗಿನ, ಮೆದು ಮರದ ಮಾತು. ದಿನಬಳಕೆಗೆ ಅದರ ಅರ್ಧ, ಹೆಚ್ಚೆಂದರೆ ಮುಕ್ಕಾಲು ಎಂದುಕೊಳ್ಳುವುದು ಕ್ಷೇಮ.

ಚಾಲೂ ಮಾಡುವ ಮುನ್ನ ಇನ್ನೊಂದು ಮಾತು. ಫೋರ್ ಸ್ಟ್ರೋಕ್ ಎಂಜಿನ್ನುಗಳು ಕಾರ್ಖಾನೆಯಿಂದ ಸಾಮಾನ್ಯವಾಗಿ ಆಯಿಲ್ ಇಲ್ಲದೆಯೇ ಬರುತ್ತವೆ. ಅದನ್ನು ನೋಡದೆ ಹಗ್ಗ ಎಳೆದರೆ ಹೊಸ ಎಂಜಿನ್ ಮೊದಲ ದಿನವೇ ಜಾಮ್ ಆಗಬಹುದು. ಮೊದಲ ಕೆಲವು ಗಂಟೆಗಳ ಅದುರುವಿಕೆಗೆ ನಟ್ಟು ಬೋಲ್ಟು ಸಡಿಲವಾಗುತ್ತವೆ, ಹೊಸ ಬೆಲ್ಟ್ ಕೊಂಚ ಹಿಗ್ಗುತ್ತದೆ. ಎರಡನ್ನೂ ಮತ್ತೆ ಬಿಗಿ ಮಾಡಬೇಕು.

ಎಲ್ಲ ಮರವೂ ಒಂದೇ ರೀತಿ ಕೊಚ್ಚಿಸಿಕೊಳ್ಳುವುದಿಲ್ಲ. ಹಸಿ ಟೊಂಗೆ ಸಲೀಸು. ಗೊಬ್ಬರದ ಗಿಡದ ಕೊಂಬೆ, ಕಾಫಿ ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳನ್ನು ಸವರಿದಾಗ, ಬೀಳುವ ಸಿಲ್ವರ್ ಓಕ್ ರೆಂಬೆಗಳು ಚೆನ್ನಾಗಿ ಚಕ್ಕೆಯಾಗುತ್ತವೆ. ಅದೇ ಕೊಂಬೆ ತಿಂಗಳುಗಟ್ಟಲೆ ಒಣಗಿದರೆ ಗಟ್ಟಿಯಾಗಿ ಬ್ಲೇಡಿನ ಮೊನೆ ತಿನ್ನುತ್ತದೆ, ಧೂಳೂ ಹೆಚ್ಚು. ತೆಂಗಿನ ಗರಿ, ಅಡಿಕೆ ಸೋಗೆಯದು ಬೇರೆಯೇ ತಕರಾರು. ಅವುಗಳ ಉದ್ದ ನಾರು ತುಂಡಾಗದೆ ಎಳೆಯಾಗಿ ಸುಲಿದು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಇವನ್ನೇ ಹೆಚ್ಚಾಗಿ ಪುಡಿ ಮಾಡಬೇಕಾದವರು ಬ್ಲೇಡಿನ ಜೊತೆಗೆ ಸುತ್ತಿಗೆಯಂತೆ ಬಡಿಯುವ ಉಕ್ಕಿನ ತುಂಡುಗಳೂ ಇರುವ ಶ್ರೆಡ್ಡರ್ ನೋಡುವುದು ಒಳ್ಳೆಯದು. ಒದ್ದೆ ಎಲೆಯನ್ನಷ್ಟೇ ತುರುಕಿದರೆ ಹೊರಬೀಳುವ ದಾರಿ ಮುದ್ದೆ ಕಟ್ಟುತ್ತದೆ. ನಡುನಡುವೆ ಒಣ ಕಡ್ಡಿ ಕೊಟ್ಟರೆ ಅದು ತಾನೇ ತೆರವಾಗುವುದುಂಟು.

ಹಲವು ಅಪಘಾತಗಳಾಗುವುದು ಇಂಥ ಮುದ್ದೆ ಬಿಡಿಸುವಾಗ. ಎಂಜಿನ್ ಆರಿಸಿದರೂ ಭಾರದ ಚಕ್ರ ಇನ್ನೂ ಕೆಲ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತು, ಸ್ಪಾರ್ಕ್ ಪ್ಲಗ್‌ನ ಟೋಪಿ ಕಿತ್ತ ಮೇಲೆಯೇ, ವಿದ್ಯುತ್ತಿನದಾದರೆ ಪ್ಲಗ್ ತೆಗೆದ ಮೇಲೆಯೇ, ಮುಚ್ಚಳ ಬಿಚ್ಚಬೇಕು. ಗಿಡ್ಡ ತುಂಡುಗಳನ್ನು ಕೈಯಿಂದಲ್ಲ, ಉದ್ದ ಕೋಲಿನಿಂದ ತಳ್ಳಬೇಕು. ಜೋಲುವ ಪಂಚೆ, ಸೆರಗು, ಅಗಲ ಬಾಯಿಯ ಕೈಗವಸು ಟೊಂಗೆಗೆ ಸಿಕ್ಕಿಕೊಂಡರೆ ಅದರ ಜೊತೆಗೇ ಒಳಕ್ಕೆ ಹೋಗುತ್ತವೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲೇಬೇಕು.

ಬ್ಲೇಡಿನ ಸ್ಥಿತಿಯನ್ನು ಚಕ್ಕೆ ನೋಡಿಯೇ ಹೇಳಬಹುದು. ಅಂಚು ನುಣುಪಾಗಿದ್ದರೆ ಹರಿತವಿದೆ. ಜುಂಗು ಎದ್ದಿದ್ದರೆ, ಪುಡಿ ಹೆಚ್ಚಿದ್ದರೆ ಸಾಣೆ ಹಿಡಿಸುವ ಹೊತ್ತು. ಬುಡಸಮೇತ ಕಿತ್ತ ಗಿಡದ ಬೇರಿನಲ್ಲಿರುವ ಮಣ್ಣು, ಕಲ್ಲು ಬ್ಲೇಡನ್ನು ನಿಮಿಷಗಳಲ್ಲೇ ಮೊಂಡು ಮಾಡುತ್ತವೆ. ಹಲವು ಬ್ಲೇಡುಗಳಿಗೆ ಎರಡೂ ಕಡೆ ಅಲಗಿದ್ದು, ತಿರುಗಿಸಿ ಹಾಕಿದರೆ ಇನ್ನೊಂದು ಸುತ್ತು ಬರುತ್ತವೆ.

ಚಕ್ಕೆಯನ್ನು ಎರಡರಿಂದ ನಾಲ್ಕು ಇಂಚು ದಪ್ಪಕ್ಕೆ ಮುಚ್ಚಿಗೆಯಾಗಿ ಹರಡಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ಮರದ ಬುಡಕ್ಕೆ ತಾಗದಂತೆ ಸ್ವಲ್ಪ ಬಿಟ್ಟು ಹಾಕಬೇಕು. ಮರದಲ್ಲಿ ಇಂಗಾಲ ಹೇರಳ, ಸಾರಜನಕ ತೀರಾ ಕಮ್ಮಿ. ಹಸಿ ಚಕ್ಕೆಯನ್ನು ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಹೀರಿ ಗಿಡ ಹಳದಿಯಾಗಬಹುದು. ಮೇಲೆ ಹರಡಿದರೆ ಆ ತೊಂದರೆ ಅಷ್ಟಾಗಿ ಇಲ್ಲ. ಸಗಣಿ ಸೇರಿಸಿ ಗುಡ್ಡೆ ಹಾಕಿದರೆ ಕ್ರಮೇಣ ಗೊಬ್ಬರವಾಗುತ್ತದೆ.

ವರ್ಷಕ್ಕೆ ನಾಲ್ಕಾರು ಹೊರೆ ಕೊಂಬೆ ಬೀಳುವ ಹಿತ್ತಲಿಗೆ ಇಷ್ಟೆಲ್ಲ ಯಂತ್ರ ಬೇಕಿಲ್ಲ, ಕತ್ತಿ ಸಾಕು. ಪ್ರತಿ ವರ್ಷ ಕೊಂಬೆಗಳ ರಾಶಿಗೆ ಬೆಂಕಿ ಹಚ್ಚುವ ತೋಟಗಳಿಗೆ, ಮೂರು ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೂ ಅದು ದಂಡವಲ್ಲ.