ಹೇನಿಗಿಂತ ಮೊದಲು ಇರುವೆಯನ್ನು ತಡೆಯಿರಿ

ಕುಂಡದಲ್ಲೋ ಹಿತ್ತಿಲ ಚಪ್ಪರದಲ್ಲೋ ಬೆಳೆದ ಅವರೆ, ಅಲಸಂದೆ ಹೂ ಬಿಡುವ ಹೊತ್ತಿಗೆ ಕುಡಿ, ಹೂಗೊಂಚಲು, ಎಳೆಗಾಯಿಗಳ ಮೇಲೆಲ್ಲ ಕಪ್ಪು ಹೇನು ಮುತ್ತಿಕೊಳ್ಳುತ್ತದೆ. ಕಂಡ ಕೂಡಲೇ ಔಷಧಿ ಹೊಡೆಯುವುದು ನಮಗೆ ರೂಢಿ. ಮನೆಮಟ್ಟದ ನಾಲ್ಕು ಬಳ್ಳಿಗೆ ಅದು ಬೇಕಿಲ್ಲ, ಹೊಡೆದರೆ ಕಾಟ ಮರುಕಳಿಸುವುದೇ ಹೆಚ್ಚು ಎಂಬುದು ನನ್ನ ವಾದ. ಕಾರಣ ಈ ಹುಳುವಿನ ಬದುಕಿನಲ್ಲೇ ಇದೆ. ಏಫಿಸ್ ಕ್ರಾಸಿವೋರ ಎಂಬ ಈ ಜಾತಿಯಲ್ಲಿ, ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ, ಹೆಚ್ಚುಕಮ್ಮಿ ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ, ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುತ್ತವೆ. ಆ ಮರಿ ವಾರ, ಹತ್ತು ದಿನದಲ್ಲಿ ತಾನೂ ತಾಯಿಯಾಗುತ್ತದೆ. ಹೇನನ್ನು ತಿನ್ನುವ ಗುಲಗಂಜಿ ಹುಳುವಿಗೆ ಈ ವೇಗವಿಲ್ಲ. ಅದು ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು, ಮರಿ ಬೆಳೆದು ಕೋಶ ಕಟ್ಟಬೇಕು. ಔಷಧಿ ಎರಡನ್ನೂ ಕೊಂದಾಗ ಮೊದಲು ಚೇತರಿಸಿಕೊಳ್ಳುವುದು ಹೇನು, ಅದೂ ತನ್ನನ್ನು ತಿನ್ನುವವರೇ ಇಲ್ಲದ ಬಳ್ಳಿಯ ಮೇಲೆ.

ಗುಲಗಂಜಿ ಹುಳುವನ್ನು ಎಲ್ಲರೂ ಬಲ್ಲರು, ಅದರ ಮರಿಯನ್ನು ಬಲ್ಲವರು ಕಡಿಮೆ. ಕಪ್ಪಗೆ, ಉದ್ದಕ್ಕೆ, ಮೈಮೇಲೆ ಹಳದಿ ಮಚ್ಚೆಯಿರುವ ಪುಟಾಣಿ ಮೊಸಳೆಯಂತಿರುವ ಅದನ್ನು ಕೀಟವೆಂದು ಹೊಸಕಿಬಿಡುತ್ತಾರೆ. ಹೇನಿನ ಗುಂಪಿನೊಳಗೆ ಕಂದುಬಣ್ಣಕ್ಕೆ ತಿರುಗಿ, ಉಬ್ಬಿ, ಅಲುಗದೆ ಕೂತ ಹೇನು ಕಂಡರೆ ಅದನ್ನೂ ಮುಟ್ಟಬೇಡಿ. ಅದರೊಳಗೆ ಬೆಳೆಯುತ್ತಿರುವುದು ಒಂದು ಸಣ್ಣ ಕಣಜ, ಹೊರಬಂದು ಇನ್ನಷ್ಟು ಹೇನಿಗೆ ಮೊಟ್ಟೆ ಚುಚ್ಚುತ್ತದೆ. ಇಷ್ಟು ಸಣ್ಣ ಜೀವಿಗಳಿಂದ ಏನಾದೀತು ಎನ್ನುವವರು ಕಬ್ಬಿನ ಬಿಳಿ ಉಣ್ಣೆ ಹೇನನ್ನು ನೆನೆಯಬೇಕು. 2002ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡು ಉತ್ತರ ಕರ್ನಾಟಕದ ಗದ್ದೆಗಳಿಗೂ ಹಬ್ಬಿದ ಆ ಹೇನನ್ನು ಹದ್ದುಬಸ್ತಿಗೆ ತಂದದ್ದರಲ್ಲಿ ಡೈಫಾ ಎಂಬ ಪತಂಗದ ಮರಿಹುಳು, ಮೈಕ್ರೋಮಸ್ ಎಂಬ ಕೀಟ, ಎನ್ಕಾರ್ಸಿಯಾ ಎಂಬ ಕಣಜ ಇವುಗಳ ಪಾಲು ದೊಡ್ಡದು.

ಹಾಗಿದ್ದರೂ ಹಿತ್ತಿಲಲ್ಲಿ ಗುಲಗಂಜಿ ಹುಳು ಸೋಲುವುದುಂಟು. ಅಲ್ಲಿ ಅಡ್ಡ ಬರುವುದು ಇರುವೆ. ಗಿಡದ ರಸದಲ್ಲಿ ಸಕ್ಕರೆ ಹೇರಳ, ಮೈ ಬೆಳೆಸುವ ಸಾರ ಕಡಿಮೆ. ಆದ್ದರಿಂದ ಹೇನು ರಸವನ್ನು ಬೇಕಾದ್ದಕ್ಕಿಂತ ಹೆಚ್ಚು ಹೀರಿ, ಮಿಕ್ಕ ಸಕ್ಕರೆಯನ್ನು ಅಂಟುದ್ರವವಾಗಿ ಹೊರಹಾಕುತ್ತದೆ. ಎಲೆ ಜಿಗುಟಾಗಿ ಮಸಿಯಂಥ ಬೂಷ್ಟು ಕೂರುವುದು ಇದರ ಮೇಲೆಯೇ. ಈ ಸಿಹಿಗಾಗಿ ಸಾಲುಗಟ್ಟುವ ಇರುವೆಗಳು ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತವೆ. ಹಾಗಾಗಿ ಮೊದಲ ಕೆಲಸ ಇರುವೆಯ ದಾರಿ ಕಡಿಯುವುದು: ಕುಂಡವನ್ನು ನೀರಿನ ತಟ್ಟೆಯ ನಡುವೆ ಇಟ್ಟಿಗೆಯ ಮೇಲಿಡಿ, ಚಪ್ಪರದ ಕಂಬಕ್ಕೂ ಬಳ್ಳಿಯ ಬುಡಕ್ಕೂ ಕಾಗದದ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯಿರಿ. ಗೋಡೆಗೆ ತಾಗಿದ ಒಂದೇ ಕುಡಿ ಉಳಿದರೂ ಇರುವೆಗೆ ಅದೇ ಸೇತುವೆ.

ಗುಲಗಂಜಿ ಹುಳು ಬರುವತನಕ ಕಾದರೆ ಕಾಯಿ ಕೈಗೆ ಬಂದೀತೇ ಎಂಬ ಆಕ್ಷೇಪ ನ್ಯಾಯವಾದದ್ದು. ಸುಮ್ಮನೆ ಕಾಯಿರಿ ಎಂದು ನಾನು ಹೇಳುತ್ತಿಲ್ಲ. ಜೋರು ಮಳೆ ಹೇನನ್ನು ತೊಳೆದುಹಾಕುತ್ತದೆ, ಮೋಡ ಮುಸುಕಿದ ಒಣಹವೆಯಲ್ಲಿ ಅದು ಹೆಚ್ಚುತ್ತದೆ. ಮಳೆಯ ಕೆಲಸವನ್ನು ಪೈಪಿನ ನೀರು ಮಾಡಬಲ್ಲದು. ಬೆಳಗ್ಗೆ ಕುಡಿಯನ್ನು ಅಂಗೈಯಲ್ಲಿ ಆನಿಸಿ, ಎಲೆಯ ಅಡಿಭಾಗಕ್ಕೆ ರಭಸದಿಂದ ನೀರು ಹಾಯಿಸಿ. ತೀರಾ ಮೆತ್ತಿದ ತುದಿಯನ್ನು ಚಿವುಟಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನಿನಂಥದ್ದನ್ನು ಹೇನು ಕೂತ ಜಾಗಕ್ಕಷ್ಟೇ ಸಿಂಪಡಿಸಿ. ಸಾಬೂನು ನೀರು ಮೈಗೆ ತಾಗಿದ ಹುಳುವನ್ನಷ್ಟೇ ಕೊಲ್ಲುತ್ತದೆ, ಆದರೆ ಗುಲಗಂಜಿಯ ಮರಿಯೂ ಒಂದು ಹುಳುವೇ. ಬೇವು ಸಹಜವೆಂದು ವಾರವಾರ ಬಳ್ಳಿಯನ್ನೆಲ್ಲ ತೋಯಿಸುವುದು ಸರಿಯಲ್ಲ. ತಂಬಾಕಿನ ಕಷಾಯವಂತೂ ಬೇಡವೇ ಬೇಡ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಯೂರಿಯಾ ಹಾಕಿದರೆ ಕುಡಿ ಮೆತ್ತಗಾಗಿ ಹೇನಿಗೆ ಹಿತವಾಗುತ್ತದೆ. ಬೇರುಗಂಟಿನಲ್ಲಿ ಸಾರಜನಕ ಕಟ್ಟಿಕೊಳ್ಳುವ ಅವರೆಗೆ ಅದು ಬೇಕೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಬೀನ್ಸ್, ಅಲಸಂದೆಯ ಮೊಸಾಯಿಕ್ ನಂಜುರೋಗವನ್ನು ಹರಡುವುದು ಹೇನೇ, ಒಂದನ್ನೂ ಉಳಿಸಬಾರದಲ್ಲವೇ? ಆದರೆ ಹಾರಿಬಂದ ಹೇನು ರುಚಿ ನೋಡಲು ಸೂಜಿಮೂತಿ ಚುಚ್ಚಿದ ಕೆಲವೇ ಕ್ಷಣಗಳಲ್ಲಿ ನಂಜು ದಾಟಿರುತ್ತದೆ. ಔಷಧಿ ಅದನ್ನು ಕೊಲ್ಲುವಷ್ಟರಲ್ಲಿ ಕೆಡುಕು ಮುಗಿದಿರುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ನಂಜಿನ ಮೂಲವನ್ನೇ ತೆಗೆಯುವುದು. ಎಲೆ ಹಸಿರು-ಹಳದಿ ತೇಪೆಯಾಗಿ ಮುದುಡಿದ ಗಿಡವನ್ನು ಕೂಡಲೇ ಕಿತ್ತುಹಾಕಿ. ಈ ನಂಜು ಬೀಜದಲ್ಲೂ ಉಳಿಯುವುದರಿಂದ, ಅಂಥ ಗಿಡದ ಕಾಯಿಯನ್ನು ಮುಂದಿನ ಬಿತ್ತನೆಗೆ ಎತ್ತಿಡಬೇಡಿ.